ಇಲಿಗೆ ಬಾರದ ಕಾಯಿಲೆ

ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳ ಬೆವರು ವಿಪರೀತ ಉಪ್ಪು. ಮುತ್ತಿಟ್ಟಾಗ ಹಣೆ ಉಪ್ಪುಪ್ಪಾಗಿದ್ದರೆ ಆ ಮಗು ಬಹಳ ದಿನ ಉಳಿಯದು ಎಂಬ ಮಾತು ಯುರೋಪಿನ ಜನರಲ್ಲಿ ಶತಮಾನಗಳಿಂದ ಇತ್ತು. ಇದೊಂದು ಪ್ರತ್ಯೇಕ ರೋಗವೆಂದು 1938ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆಂಡರ್ಸನ್. ಈ ಮಕ್ಕಳ ಶ್ವಾಸನಾಳಗಳಲ್ಲಿ ಕಫ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾಗಳು ಬೀಡುಬಿಡುತ್ತವೆ. ಜೀರ್ಣರಸ ತರುವ ನಾಳಗಳೂ ಕಟ್ಟಿಕೊಳ್ಳುವುದರಿಂದ ತಿಂದದ್ದು ಮೈಗೆ ಹತ್ತುವುದಿಲ್ಲ. ಕೊನೆಗೆ ಹೆಚ್ಚಿನವರ ಜೀವ ತೆಗೆಯುವುದು ಶ್ವಾಸಕೋಶ.

ಇದಕ್ಕೆಲ್ಲ ಮೂಲವಾದ ಜೀನ್ 1989ರಲ್ಲಿ ಸಿಕ್ಕಿತು. ಲ್ಯಾಪ್-ಚೀ ತ್ಸುಯಿ, ಜಾನ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಮತ್ತು ಅವರ ಸಂಗಡಿಗರು ಏಳನೆಯ ವರ್ಣತಂತುವಿನಲ್ಲಿ ಅದನ್ನು ಪತ್ತೆಹಚ್ಚಿದರು. ಸಿಎಫ್‌ಟಿಆರ್ ಎಂಬ ಪ್ರೋಟೀನು ಈ ಜೀನಿನಿಂದ ಆಗುವಂಥದ್ದು. ಅದು ಜೀವಕೋಶದ ಪೊರೆಯಲ್ಲಿ ಕ್ಲೋರೈಡ್ ದಾಟಿಹೋಗಲು ಇರುವ ಬಾಗಿಲು. ಕ್ಲೋರೈಡ್ ಹೋದ ಕಡೆ ನೀರೂ ಹೋಗುತ್ತದೆ. ಬಾಗಿಲು ಕೆಟ್ಟರೆ ಶ್ವಾಸನಾಳದ ಒಳಮೈ ಒಣಗುತ್ತದೆ. ಯುರೋಪ್ ಮೂಲದ ರೋಗಿಗಳಲ್ಲಿ ಅತಿ ಸಾಮಾನ್ಯವಾದ ದೋಷ ಎಫ್508ಡೆಲ್. 1480 ಅಮೈನೋ ಆಮ್ಲಗಳ ಸರಪಳಿಯಲ್ಲಿ 508ನೆಯದೊಂದು ಇಲ್ಲದಿದ್ದರೆ ಸಾಕು, ಬಾಗಿಲು ಸರಿಯಾಗಿ ಮಡಚಿಕೊಳ್ಳದೆ ಪೊರೆಯನ್ನು ತಲುಪುವ ಮೊದಲೇ ನಾಶವಾಗುತ್ತದೆ.

ಜೀನ್ ಗೊತ್ತಾದ ಮೇಲೆ ಮುಂದಿನ ದಾರಿ ಸಲೀಸು ಎಂದೇ ಎಲ್ಲರೂ ತಿಳಿದಿದ್ದರು. ಇಲಿಯಲ್ಲಿ ಅದೇ ಜೀನನ್ನು ಕೆಡಿಸುವುದು, ಇಲಿಗೆ ಅದೇ ಕಾಯಿಲೆ ಬರುವುದು, ಅದರ ಮೇಲೆ ಔಷಧ ನೋಡುವುದು. 1992ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಅಂಥ ಇಲಿಗಳು ಹುಟ್ಟಿದವು. ಆ ತಂಡದಲ್ಲಿ ಬೆವರ್ಲಿ ಕೋಲರ್ ಇದ್ದರು. ಬೇಕಾದ ಜೀನನ್ನೇ ಗುರಿಯಿಟ್ಟು ಬದಲಿಸುವ ವಿಧಾನಕ್ಕಾಗಿ ಮುಂದೆ ನೊಬೆಲ್ ಪಡೆದ ಆಲಿವರ್ ಸ್ಮಿತೀಸ್ ಕೂಡ ಇದ್ದರು. ಇಲಿಮರಿಗಳ ಕರುಳು ಕಟ್ಟಿಕೊಂಡಿತು, ಬಹಳಷ್ಟು ಮರಿಗಳು ಕೆಲವೇ ವಾರಗಳಲ್ಲಿ ಸತ್ತವು. ಬದುಕುಳಿದವುಗಳ ಶ್ವಾಸಕೋಶ ನೋಡಿದರೆ ಅದು ಸ್ವಚ್ಛವಾಗಿತ್ತು. ಮನುಷ್ಯರನ್ನು ಕೊಲ್ಲುವ ಭಾಗವೇ ಇಲಿಯಲ್ಲಿ ಕೆಡಲಿಲ್ಲ.

ಏಕೆ ಎಂಬುದಕ್ಕೆ ಪೂರ್ತಿ ಉತ್ತರ ಹೊಂದಿಸಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಲಿಯ ಶ್ವಾಸನಾಳದಲ್ಲಿ ಕ್ಲೋರೈಡ್ ಸಾಗಿಸಲು ಬೇರೊಂದು ದಾರಿ ಚುರುಕಾಗಿದೆ. ಒಂದು ಮುಚ್ಚಿದರೆ ಇನ್ನೊಂದು ಕೆಲಸ ನಡೆಸುತ್ತದೆ. ಎರಡನೆಯ ಕಾರಣ 2016ರಲ್ಲಿ ತಿಳಿಯಿತು. ಮನುಷ್ಯ ಮತ್ತು ಹಂದಿಯ ಶ್ವಾಸನಾಳದ ಕೋಶಗಳು ಎಟಿಪಿ12ಎ ಎಂಬ ಪಂಪಿನ ಮೂಲಕ ಆಮ್ಲವನ್ನು ಹೊರಹಾಕುತ್ತವೆ. ಸಿಎಫ್‌ಟಿಆರ್ ಮೂಲಕ ಬರುವ ಬೈಕಾರ್ಬೊನೇಟ್ ಆ ಆಮ್ಲವನ್ನು ತಣಿಸುತ್ತದೆ. ಬೈಕಾರ್ಬೊನೇಟ್ ನಿಂತುಹೋದರೆ ಒಳಮೈಯ ದ್ರವ ಹುಳಿಯಾಗುತ್ತದೆ. ಇಲಿಯಲ್ಲಿ ಈ ಪಂಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹಾಗಾಗಿ ಹುಳಿಯಾಗುವ ಪ್ರಶ್ನೆಯೂ ಇಲ್ಲ.

ಈ ಒಗಟನ್ನು ಬಿಡಿಸಲು ನೆರವಾದದ್ದು ಹಂದಿ. 2008ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಮೈಕೆಲ್ ವೆಲ್ಶ್ ಮತ್ತು ಸಂಗಡಿಗರು ಸಿಎಫ್‌ಟಿಆರ್ ಇಲ್ಲದ ಹಂದಿಮರಿಗಳನ್ನು ಪಡೆದರು. ಹುಟ್ಟಿದಾಗ ಅವುಗಳ ಶ್ವಾಸಕೋಶದಲ್ಲಿ ಉರಿಯೂತವಿರಲಿಲ್ಲ, ತಿಂಗಳುಗಳಲ್ಲಿ ಮನುಷ್ಯರಂತೆಯೇ ಸೋಂಕು, ಕಫ, ಊತ ಎಲ್ಲ ಕಾಣಿಸಿಕೊಂಡವು. ವೈದ್ಯರನ್ನು ವರ್ಷಗಟ್ಟಲೆ ಕಾಡಿದ್ದ ಪ್ರಶ್ನೆಯೊಂದಿತ್ತು: ಮೊದಲು ಬರುವುದು ಉರಿಯೂತವೋ, ಬ್ಯಾಕ್ಟೀರಿಯಾವನ್ನು ಹೊರಹಾಕುವ ಶಕ್ತಿ ಕುಂದುವುದೋ? ಹೆತ್ತ ಕೂಡಲೇ ಮಗುವಿನ ಶ್ವಾಸನಾಳವನ್ನು ಕೆದಕಿ ನೋಡಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು. ಹಂದಿಮರಿಯಲ್ಲಿ ಅದು ಸಾಧ್ಯವಾಯಿತು.

ಅಲ್ಲಿ ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಪುಟ್ಟ ಚಿನ್ನದ ಜಾಲರಿಗೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳನ್ನು ಕದಲದಂತೆ ಅಂಟಿಸಿ, ಹೊಸದಾಗಿ ಹುಟ್ಟಿದ ಮರಿಯ ಶ್ವಾಸನಾಳದ ಒಳಮೈ ಮೇಲೆ ಇಟ್ಟರು. ಒಂದು ನಿಮಿಷ ಬಿಟ್ಟು ತೆಗೆದು, ಎಷ್ಟು ಬ್ಯಾಕ್ಟೀರಿಯಾ ಸತ್ತಿವೆ ಎಂದು ಬಣ್ಣ ಹಾಕಿ ಎಣಿಸಿದರು. ಆರೋಗ್ಯವಂತ ಮರಿಯ ಶ್ವಾಸನಾಳ ಅಷ್ಟೇ ಹೊತ್ತಿನಲ್ಲಿ ದೊಡ್ಡ ಪಾಲನ್ನು ಕೊಂದಿರುತ್ತಿತ್ತು. ರೋಗದ ಮರಿಯದು ಅದಕ್ಕಿಂತ ಕಡಿಮೆ. ದ್ರವದ ಹುಳಿ ಇಳಿಸಿದಾಗ ರೋಗದ ಮರಿಯಲ್ಲೂ ಕೊಲ್ಲುವ ಶಕ್ತಿ ಮರಳಿತು. 2012ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ಉರಿಯೂತ ಶುರುವಾಗುವ ಮೊದಲೇ ಶ್ವಾಸನಾಳದ ರಕ್ಷಣೆ ಸೋತಿರುತ್ತದೆ ಎಂಬುದು ಗಟ್ಟಿಯಾಯಿತು.

ಇಷ್ಟಾದರೂ ಔಷಧದ ದಾರಿ ತೆರೆದದ್ದು ಹಂದಿಯಿಂದ ಅಲ್ಲ, ಗಾಜಿನ ತಟ್ಟೆಯೊಳಗಿನ ಜೀವಕೋಶಗಳಿಂದ. ಅಮೆರಿಕದ ವರ್ಟೆಕ್ಸ್ ಕಂಪನಿಯವರು ಕೆಟ್ಟ ಸಿಎಫ್‌ಟಿಆರ್ ಇಟ್ಟ ಕೋಶಗಳ ಮೇಲೆ ಎರಡು ಲಕ್ಷಕ್ಕೂ ಹೆಚ್ಚು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅಲ್ಲಿಂದ ಆರಿಸಿ, ತಿದ್ದಿ ತೀಡಿದ್ದನ್ನು ಮನುಷ್ಯರ ಶ್ವಾಸನಾಳದ ಕೋಶಗಳ ಮೇಲೆ ನೋಡಿದರು. ಈ ಕೋಶಗಳು ಬರುವುದು ಕಸಿ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗಳ ಎದೆಯಿಂದ ತೆಗೆದ ಹಾಳಾದ ಶ್ವಾಸಕೋಶಗಳಿಂದ. ತೆಳು ಪೊರೆಯ ಮೇಲೆ, ಕೆಳಗೆ ಪೋಷಕ ದ್ರವ, ಮೇಲೆ ಬರಿಯ ಗಾಳಿ ಇರುವಂತೆ ವಾರಗಟ್ಟಲೆ ಬೆಳೆಸಿದರೆ ಅವು ಕಫ ಸುರಿಸುತ್ತವೆ, ಮೇಲಿನ ಸೂಕ್ಷ್ಮ ರೋಮಗಳು ಅಲುಗುತ್ತವೆ. ಅವುಗಳ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು ಬಾಗಿಲು ತೆರೆಯಿತೋ ಇಲ್ಲವೋ ಎಂದು ಹೇಳಬಹುದು. ಆ ಅಳತೆಯ ಪೆಟ್ಟಿಗೆಯನ್ನು ಡೆನ್ಮಾರ್ಕಿನ ಹಾನ್ಸ್ ಉಸಿಂಗ್ 20ನೆಯ ಶತಮಾನದ ನಡುವಿನಲ್ಲಿ ಕಪ್ಪೆಯ ಚರ್ಮಕ್ಕೆಂದು ಮಾಡಿದ್ದರು. ಹೀಗೆ ಸಿಕ್ಕ ಐವಾಕಾಫ್ಟರ್ ಮಾತ್ರೆಗೆ 2012ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಮೊದಲಿಗೆ ಅದು ಜಿ551ಡಿ ಎಂಬ ದೋಷವಿದ್ದವರಿಗೆ ಮಾತ್ರ.

ಆಮೇಲೆ ನಡೆದದ್ದು ಇನ್ನೂ ಗಮನಾರ್ಹ. ಸಿಎಫ್‌ಟಿಆರ್ ಜೀನಿನಲ್ಲಿ ಸಾವಿರಾರು ಬಗೆಯ ವ್ಯತ್ಯಾಸಗಳಿವೆ. ಕೆಲವು ಇಡೀ ದೇಶದಲ್ಲಿ ಬೆರಳೆಣಿಕೆಯ ಜನರಲ್ಲಿರುತ್ತವೆ. ಅಷ್ಟು ಕಡಿಮೆ ಜನರನ್ನು ಸೇರಿಸಿ ಔಷಧದ ಪರೀಕ್ಷೆ ಮಾಡುವಂತಿಲ್ಲ. ಆಗ ನೆರವಿಗೆ ಬಂದದ್ದು ದೊಡ್ಡ ಜಾತಿಯ ಇಲಿಯೊಂದರ ಥೈರಾಯ್ಡ್ ಗ್ರಂಥಿಯಿಂದ ಬಂದ ಕೋಶಗಳು. ಥೈರಾಯ್ಡಿಗೂ ಶ್ವಾಸಕೋಶಕ್ಕೂ ಏನು ಸಂಬಂಧ? ಸಂಬಂಧವಿಲ್ಲ, ಅದೇ ಅನುಕೂಲ. ಆ ಕೋಶಗಳಲ್ಲಿ ಸ್ವಂತದ ಸಿಎಫ್‌ಟಿಆರ್ ಕೆಲಸ ಗಣನೆಗೆ ಬರುವಷ್ಟಿಲ್ಲ. ಆದ್ದರಿಂದ ರೋಗಿಯ ದೋಷದ ಜೀನನ್ನು ಒಳಸೇರಿಸಿದ ಮೇಲೆ ಕಾಣುವ ವಿದ್ಯುತ್ತೆಲ್ಲ ಅದರದ್ದೇ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಕೋಶಗಳ ಫಲಿತಾಂಶವನ್ನು ಒಪ್ಪಿಕೊಂಡು 23 ಹೊಸ ದೋಷಗಳಿಗೆ ಐವಾಕಾಫ್ಟರ್ ಬಳಕೆಯನ್ನು ವಿಸ್ತರಿಸಿತು. ಮಾದರಿಯೊಂದು ಮನುಷ್ಯನನ್ನು ಎಷ್ಟು ಹೋಲುತ್ತದೆ ಎನ್ನುವುದಕ್ಕಿಂತ, ಕೇಳಿದ ಪ್ರಶ್ನೆಗೆ ಉತ್ತರಿಸಬಲ್ಲದೇ ಎನ್ನುವುದೇ ಮುಖ್ಯ ಎಂದು ನಾನು ಖಚಿತವಾಗಿ ಹೇಳುವುದು ಇದನ್ನು ನೋಡಿಯೇ.

ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಇನ್ನೊಂದು ದಾರಿ ಹಿಡಿದರು. ರೋಗಿಯ ಗುದನಾಳದಿಂದ ಅಕ್ಕಿಕಾಳಿಗಿಂತ ಚಿಕ್ಕ ತುಣುಕು ತೆಗೆದರೆ ಅದರೊಳಗಿನ ಕಾಂಡಕೋಶಗಳಿಂದ ಪುಟ್ಟ ಪೊಳ್ಳು ಗುಳ್ಳೆಗಳನ್ನು ಬೆಳೆಸಬಹುದು. ಇವೇ ಆರ್ಗನಾಯ್ಡ್‌ಗಳು; ಹಾನ್ಸ್ ಕ್ಲೆವರ್ಸ್ ಪ್ರಯೋಗಾಲಯ 2009ರಲ್ಲಿ ಇಲಿಯ ಕರುಳಿನಿಂದ ಇವನ್ನು ಬೆಳೆಸಿ ತೋರಿಸಿತ್ತು. ಫೋರ್ಸ್ಕೋಲಿನ್ ಎಂಬ ವಸ್ತುವನ್ನು ಹಾಕಿದರೆ ಸಿಎಫ್‌ಟಿಆರ್ ತೆರೆದು ನೀರು ಒಳನುಗ್ಗಿ ಗುಳ್ಳೆ ಉಬ್ಬುತ್ತದೆ. ರೋಗಿಯ ಗುಳ್ಳೆ ಉಬ್ಬುವುದಿಲ್ಲ. ಔಷಧ ಸೇರಿಸಿದಾಗ ಉಬ್ಬಿದರೆ ಆ ರೋಗಿಗೆ ಅದು ಒಗ್ಗುವ ಸಾಧ್ಯತೆಯಿದೆ. ಜೆಫ್ರಿ ಬೀಕ್‌ಮನ್ ಮತ್ತು ಸಂಗಡಿಗರು 2013ರಲ್ಲಿ ಈ ಪರೀಕ್ಷೆಯನ್ನು ಪ್ರಕಟಿಸಿದರು.

ಹಾಗಾದರೆ ಪ್ರಾಣಿಗಳು ಇನ್ನು ಬೇಡವೇ? ತಟ್ಟೆಯಲ್ಲಿ ಗರ್ಭವಿಲ್ಲ, ವರ್ಷಗಟ್ಟಲೆಯ ಸೋಂಕಿಲ್ಲ. ನೀರುನಾಯಿಯ ದೂರದ ಸಂಬಂಧಿಯಾದ ಫೆರೆಟ್ ಎಂಬ ಪ್ರಾಣಿಯಲ್ಲಿ, ತಾಯಿಗೆ ಬಸಿರಿನಲ್ಲೇ ಐವಾಕಾಫ್ಟರ್ ಕೊಟ್ಟರೆ ಮರಿಯ ಅಂಗಗಳಿಗೆ ಹುಟ್ಟುವ ಮೊದಲೇ ರಕ್ಷಣೆ ಸಿಗುತ್ತದೆಂದು 2019ರಲ್ಲಿ ತಿಳಿದದ್ದು ಯಾವ ಕೋಶದಿಂದಲೂ ತಿಳಿಯುತ್ತಿರಲಿಲ್ಲ. ಆದರೆ ಆ ಹಂದಿಮರಿಗಳ ಕರುಳು ಹುಟ್ಟಿನಲ್ಲೇ ಕಟ್ಟಿರುತ್ತದೆ, ಶಸ್ತ್ರಚಿಕಿತ್ಸೆ ಮಾಡದಿದ್ದರೆ ಸಾಯುತ್ತವೆ. ಅಷ್ಟು ನೋವಿನ ಬೆಲೆ ತೆರುವಾಗ, ತಟ್ಟೆಯಲ್ಲಿ ಸಿಗಬಹುದಾದ ಉತ್ತರಕ್ಕಾಗಿ ಪ್ರಾಣಿಯನ್ನು ಬಳಸುವುದು ತಪ್ಪು.

2019ರ ಅಕ್ಟೋಬರಿನಲ್ಲಿ ಮೂರು ಔಷಧಗಳನ್ನು ಸೇರಿಸಿದ ಟ್ರಿಕಾಫ್ಟಾ ಬಂತು. ಎಫ್508ಡೆಲ್ ಇರುವ ಬಹುಪಾಲು ಜನರ ಬದುಕನ್ನೇ ಅದು ಬದಲಿಸಿತು. ಅಮೆರಿಕದಲ್ಲಿ ಅದರ ಘೋಷಿತ ಬೆಲೆ ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಹೆಚ್ಚು. ಪ್ರೋಟೀನೇ ತಯಾರಾಗದ ದೋಷವಿದ್ದವರಿಗೆ ಅದು ಉಪಯೋಗಕ್ಕೆ ಬಾರದು.

ಭಾರತದಲ್ಲಿ ಈ ಕಾಯಿಲೆ ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಇದೆ, ನ್ಯುಮೋನಿಯಾ, ಕ್ಷಯ, ಅಪೌಷ್ಟಿಕತೆಗಳ ಹೆಸರಿನಲ್ಲಿ ಅದು ಮರೆಯಾಗುತ್ತದೆ. ನಮ್ಮ ರೋಗಿಗಳಲ್ಲಿ ಎಫ್508ಡೆಲ್ ಯುರೋಪಿಗಿಂತ ಕಡಿಮೆ, ಅಪರೂಪದ ದೋಷಗಳು ಹೆಚ್ಚು. ಅವುಗಳಿಗೆ ಯಾವ ಔಷಧ ಹೊಂದುತ್ತದೆಂದು ನೋಡಲು ಮೊದಲು ಆ ಮಕ್ಕಳನ್ನು ಗುರುತಿಸಬೇಕು. ಪದೇ ಪದೇ ಎದೆಯ ಸೋಂಕು, ತಿಂದರೂ ಏರದ ತೂಕ, ಎಣ್ಣೆಯಂಥ ಮಲ, ಉಪ್ಪುಪ್ಪಾದ ಮೈ ಇರುವ ಮಗು ಕಂಡರೆ ಬೆವರಿನ ಪರೀಕ್ಷೆ ಮಾಡಿಸಿ ಎಂದು ವೈದ್ಯರನ್ನು ಕೇಳಿ. ಬೆವರಿನಲ್ಲಿ ಕ್ಲೋರೈಡ್ ಪ್ರಮಾಣ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜೀನ್ ಪರೀಕ್ಷೆಗೆ ತಡಮಾಡಬೇಡಿ.