ಲಂಡನ್ನಿನ ಹೊಗೆಮಂಜು ಮತ್ತು ಶ್ವಾಸನಾಳದ ಬೇನೆ

ಚರಿತ್ರೆಯ ಅಧ್ಯಾಪಕನು ರೋಗವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆನಿಸೀತು. ಆದರೆ ನಗರವೊಂದರ ಮರಣದ ದಾಖಲೆಯೂ ಚರಿತ್ರೆಯ ಆಕರವೇ ಅಲ್ಲವೆ?

1952ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಗಾಳಿಯ ಚಲನೆ ನಿಂತಿತು. ನೆಲದ ಮೇಲಣ ತಣ್ಣನೆಯ ಗಾಳಿಯನ್ನು ಬೆಚ್ಚನೆಯ ಪದರವೊಂದು ಮುಚ್ಚಳದಂತೆ ಕವಿದುದರಿಂದ, ಅಗ್ಗಿಷ್ಟಿಕೆಗಳ ಹಾಗೂ ವಿದ್ಯುತ್ ಸ್ಥಾವರಗಳ ಕಲ್ಲಿದ್ದಲ ಹೊಗೆ ಮೇಲೇರಲಾರದೆ ಮಂಜಿನೊಡನೆ ಬೆರೆತು ಐದು ದಿನ ಊರನ್ನು ಮುಸುಕಿತು. ಮಹಾಯುದ್ಧಾನಂತರ ಒಳ್ಳೆಯ ಕಲ್ಲಿದ್ದಲನ್ನು ಹೊರದೇಶಗಳಿಗೆ ಮಾರುತ್ತಿದ್ದ ಕಾಲವದು. ಜನರ ಒಲೆಗೆ ಬಂದುದು ‘ನಟಿ ಸ್ಲ್ಯಾಕ್’ ಎಂಬ ಕೀಳು ದರ್ಜೆಯ ಪುಡಿಯಿದ್ದಲು. ಅದರ ಮೇಲಿನ ಪಡಿತರ ನಿರ್ಬಂಧವನ್ನು ತೆಗೆದದ್ದು ಅದೇ ಡಿಸೆಂಬರ್ 1ರಂದು!

ಹೆಚ್ಚುವರಿ ಮರಣಗಳು ಸುಮಾರು 4,000 ಎಂದು ಆಗ ಎಣಿಸಿದರು. ಅನಂತರದ ತಿಂಗಳುಗಳ ಸಾವುಗಳನ್ನು ಸರ್ಕಾರವು ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಬರೆಯಿತು. ಈಚಿನ ಸಂಶೋಧಕರು ಇದನ್ನೊಪ್ಪದೆ ಒಟ್ಟು ಸಂಖ್ಯೆಯನ್ನು 12,000ದ ಸಮೀಪಕ್ಕೆ ಏರಿಸಿದ್ದಾರೆ. ಅವರ ವಾದವೇ ಬಲವಾದುದೆಂದು ನನ್ನ ಅಭಿಪ್ರಾಯ.

ಸತ್ತವರಾರು? ಮುಖ್ಯವಾಗಿ ವೃದ್ಧರು, ಹಸುಳೆಗಳು, ಮೊದಲೇ ಹೃದಯದ ಅಥವಾ ಶ್ವಾಸಕೋಶದ ಬೇನೆಯಿದ್ದವರು. ಬ್ರಾಂಕೈಟಿಸ್ ಎಂದರೆ ಶ್ವಾಸನಾಳಗಳ ಒಳಪೊರೆಯ ಉರಿಯೂತ. ಆ ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಧೂಳನ್ನೂ ಕಫವನ್ನೂ ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಹೊಗೆ ಮತ್ತು ಗಂಧಕದ ಅನಿಲಗಳು ಈ ರೋಮಗಳನ್ನು ಕುಂಠಿತಗೊಳಿಸುತ್ತವೆ. ಕಫ ಹೆಚ್ಚುತ್ತದೆ, ನಾಳ ಕಿರಿದಾಗುತ್ತದೆ. ಮೊದಲೇ ಕಿರಿದಾದ ನಾಳವುಳ್ಳವನಿಗೆ ಐದು ದಿನದ ಹೊಗೆಯೇ ಸಾಕಾಗುತ್ತದೆ.

ಅಲ್ಪಕಾಲದ ಬ್ರಾಂಕೈಟಿಸ್‌ಗೆ ಬಹುತೇಕ ವೈರಸ್ಸುಗಳೇ ಕಾರಣ. ನೆಗಡಿಯ ಬೆನ್ನಿಗೆ ಬಂದು ಕೆಲವು ವಾರಗಳಲ್ಲಿ ಹೋಗುತ್ತದೆ. ದೀರ್ಘಕಾಲದ್ದು ಬೇರೆ: ಸತತ ಎರಡು ವರ್ಷ, ವರ್ಷಕ್ಕೆ ಮೂರು ತಿಂಗಳಾದರೂ ಕಫಸಹಿತ ಕೆಮ್ಮಿದ್ದರೆ ವೈದ್ಯರು ಹಾಗೆ ಕರೆಯುತ್ತಾರೆ. ಇದಕ್ಕೆ ತಂಬಾಕಿನ ಹೊಗೆ ಪ್ರಧಾನ ಕಾರಣ; ಗಣಿ ಮತ್ತು ಗಿರಣಿಗಳ ಧೂಳು ಮತ್ತೊಂದು.

ಆದರೆ ಹೊಗೆಬತ್ತಿಯನ್ನೇ ಮುಟ್ಟದವರಿಗೆ? ದೆಹಲಿಯಲ್ಲಿ ಡಾ. ಎಸ್. ಪದ್ಮಾವತಿಯವರು 1950ರ ದಶಕದಲ್ಲಿ, ಶ್ವಾಸಕೋಶದ ಬೇನೆಯಿಂದ ಹೃದಯ ಕೆಟ್ಟವರಲ್ಲಿ ಧೂಮಪಾನವಿಲ್ಲದ ಸ್ತ್ರೀಯರೂ ಬಹುಸಂಖ್ಯೆಯಲ್ಲಿದ್ದುದನ್ನು ಗಮನಿಸಿ, ಅಡುಗೆಮನೆಯ ಹೊಗೆಯತ್ತ ಬೆರಳು ತೋರಿದರು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ, ಬೆರಣಿ ಉರಿಸಿದವರಿಗೆ ಇದು ಹೊಸ ಸಂಗತಿಯಾಗಿರಲಾರದು.

ಬ್ರಿಟಿಷ್ ಪಾರ್ಲಿಮೆಂಟು 1956ರಲ್ಲಿ ಶುದ್ಧ ವಾಯು ಶಾಸನವನ್ನು ಅಂಗೀಕರಿಸಿ, ಕಾರ್ಖಾನೆಗಳ ಚಿಮಣಿಗಳೊಡನೆ ಮನೆಯ ಅಗ್ಗಿಷ್ಟಿಕೆಯನ್ನೂ ಕಾನೂನಿನ ಅಂಕೆಗೆ ತಂದಿತು. ಆದರೂ 1962ರ ಡಿಸೆಂಬರಿನಲ್ಲಿ ಲಂಡನ್ನಿಗೆ ಹೊಗೆಮಂಜು ಮರಳಿ ಬಂದು ಮತ್ತೆ ನೂರಾರು ಜನ ಸತ್ತರು.