ಪದಬಂಧ: ಕಟ್ಟುವುದು, ಬಿಡಿಸುವುದು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಗೆ ಕಾರಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಕಿಕ್ಕಿರಿದ ಜನಸ್ತೋಮ ಉಸಿರು ಬಿಗಿಹಿಡಿಯುತ್ತದೆ. ಆತ ನುಡಿಯುವುದು ಒಂದೇ ಚಿಕ್ಕ ಮಾತು. ನುಡಿದು ಮೇಲಿನಿಂದ ಬೀಳುವ ಅವನನ್ನು ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಜನ ಊರಿಗೆ ಮರಳುವ ದಾರಿಯಲ್ಲಿಯೇ ಆ ಮಾತನ್ನು ಬಿಡಿಸತೊಡಗುತ್ತಾರೆ. ರೈತನಿಗೆ ಅದು ಮಳೆಬೆಳೆಯ ಮಾತು, ವ್ಯಾಪಾರಿಗೆ ಧಾರಣೆಯ ಮಾತು, ರಾಜಕಾರಣಿಗೆ ಕುರ್ಚಿಯ ಮಾತು. ಹಲವು ಅರ್ಥಗಳಿಗೆ ಎಡೆಗೊಡುವುದೇ ಅದರ ಗುಣ.

ನಿಮ್ಮ ಮನೆಗೆ ಬರುವ ಪತ್ರಿಕೆಯ ಪದಬಂಧದಲ್ಲಿರುವ ಸುಳಿವೂ ಇಂಥದೇ ಮರೆಮಾಚಿದ ಮಾತು. ಆದರೆ ಅದರ ಧರ್ಮ ಇದಕ್ಕೆ ತೀರ ವಿರುದ್ಧ. ಅಲ್ಲಿ ಅರ್ಥ ಒಂದೇ ಇರಬೇಕು. ಈ ಭೇದವನ್ನು ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಗೋಡೆಪತ್ರಿಕೆಯಲ್ಲಿ ಹತ್ತು ಸುಳಿವುಗಳನ್ನು ಬರೆದು ಹಚ್ಚಿದ್ದೆ. ಎಲ್ಲ ಬಿಡಿಸಿದವರಿಗೆ ಒಂದು ನಿಘಂಟು ಬಹುಮಾನ. ಅವುಗಳಲ್ಲಿ ಒಂದು: ‘ಕಾಡಿನ ಬಲಶಾಲಿ (3)’. ನನ್ನ ಮನಸ್ಸಿನಲ್ಲಿದ್ದದ್ದು ‘ಕೇಸರಿ’. ಆ ಹುಡುಗಿ ಬರೆದದ್ದು ‘ಕರಡಿ’. ಉಳಿದ ಒಂಬತ್ತೂ ಸರಿಯಾಗಿದ್ದವು. ಇದೊಂದನ್ನು ಕೆಂಪು ಮಸಿಯಿಂದ ಹೊಡೆದುಹಾಕಿದೆ. ಬಹುಮಾನ ಇನ್ನೊಬ್ಬರ ಪಾಲಾಯಿತು. ಆಕೆ ಗುಡೇಕೋಟೆಯ ಕಡೆಯವಳು. ಕೂಡ್ಲಿಗಿ ತಾಲ್ಲೂಕಿನ ಆ ಬೆಟ್ಟಗಳಲ್ಲಿ ಈಗ ಕರಡಿಧಾಮವೇ ಇದೆ. “ಸಾರ್, ನಮ್ಮ ಕಡೆ ಸಿಂಹ ಯಾರು ನೋಡ್ಯಾರ್ರೀ? ಕರಡಿ ಆದ್ರೆ ಹೊಲಕ್ಕೇ ಬರ್ತಾವೆ. ನೀವು ಬರೆದದ್ದು ಕಾರಣಿಕ ಆಯ್ತು, ಯಾರು ಏನಾದ್ರೂ ಅನ್ನಬಹುದು” ಎಂದಳು. ನನಗೆ ಸಿಟ್ಟು ಬಂದಿತು. ಮನೆಗೆ ಹೋಗಿ ಯೋಚಿಸಿದ ಮೇಲೆ ನಾಚಿಕೆಯೂ ಬಂದಿತು. ತಪ್ಪು ಅವಳದಲ್ಲ, ಸುಳಿವಿನದು.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರ ಮೊದಲ ಪದಬಂಧ ಅಚ್ಚಾಯಿತು. ಅದರಲ್ಲಿದ್ದದ್ದು ನೇರ ಅರ್ಥದ ಸುಳಿವುಗಳು. ಮಾತನ್ನು ತಿರುಚಿ ಮರೆಮಾಡುವ ಗೂಢ ಸುಳಿವು ಬೆಳೆದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ‘ಕ್ಸಿಮೆನೀಸ್’ ಎಂಬ ಗುಪ್ತನಾಮದಿಂದ ಪದಬಂಧ ಕಟ್ಟುತ್ತಿದ್ದ ಮ್ಯಾಕ್‌ನಟ್ ಎಂಬವರು 1966ರಲ್ಲಿ ಈ ಕಲೆಯ ಮೇಲೆ ಒಂದು ಪುಸ್ತಕವನ್ನೇ ಬರೆದು ನ್ಯಾಯದ ಕಟ್ಟಳೆಗಳನ್ನು ಹಾಕಿಕೊಟ್ಟರು. ಅವರೂ ಪ್ರಾಚೀನ ಭಾಷೆಗಳ ಪಾಠ ಹೇಳುತ್ತಿದ್ದ ಶಾಲಾಮಾಸ್ತರರೆಂಬುದು ನನಗೊಂದು ಸಮಾಧಾನ. ಆ ಕಟ್ಟಳೆಗಳ ಸಾರ ಇಷ್ಟು: ಸುಳಿವಿನ ಒಂದು ತುದಿಯಲ್ಲಿ ಉತ್ತರದ ಅರ್ಥವಿರಬೇಕು, ಉಳಿದ ಭಾಗದಲ್ಲಿ ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ದಾರಿಯಿರಬೇಕು, ಇವೆರಡಕ್ಕೂ ಬೇಡವಾದ ಒಂದು ಪದವೂ ಇರಕೂಡದು.

ನಮ್ಮವರಿಗೆ ಇದು ಹೊಸತೇನೂ ಅಲ್ಲ. ದಂಡಿಯು ‘ಕಾವ್ಯಾದರ್ಶ’ದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಹೇಳುತ್ತಾನೆ. ಹಿಂದಿನ ಆಚಾರ್ಯರು ಹದಿನಾಲ್ಕು ದುಷ್ಟ ಪ್ರಹೇಳಿಕೆಗಳನ್ನೂ ಹೇಳಿದ್ದಾರೆಂದು ತಿಳಿಸಿ, ಲಕ್ಷಣಕ್ಕೆ ಹೊಂದದವೇ ದುಷ್ಟವೆಂದು ಅವುಗಳನ್ನು ಕೈಬಿಡುತ್ತಾನೆ. ನನ್ನ ‘ಕಾಡಿನ ಬಲಶಾಲಿ’ ಆ ದುಷ್ಟರ ಸಾಲಿಗೆ ಸೇರತಕ್ಕದ್ದು. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ನಮ್ಮ ಅಜ್ಜಿಯರ ಒಗಟುಗಳು ಎಲ್ಲವೂ ಕನ್ನಡಿಗನ ಕಿವಿಯನ್ನು ಈ ಆಟಕ್ಕೆ ಹದಗೊಳಿಸಿವೆ. ನಮ್ಮ ಕಾಲದಲ್ಲಿ ಅ.ನಾ. ಪ್ರಹ್ಲಾದರಾವ್ ಅವರು ಸಾವಿರಾರು ಕನ್ನಡ ಪದಬಂಧಗಳನ್ನು ರಚಿಸಿದ್ದಾರೆ.

ಕನ್ನಡದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ. ಕಾಗುಣಿತವೂ ಒತ್ತಕ್ಷರವೂ ಅದರಲ್ಲಿಯೇ ಅಡಕ. ಈ ಕಾರಣದಿಂದ ನಮ್ಮ ಆಟಕ್ಕೆ ಬೇರೆಯದೇ ರುಚಿ. ನಾಲ್ಕು ಬಗೆಗಳನ್ನು ನೋಡೋಣ.

ಮೊದಲನೆಯದು ತಿರುಗುಮುರುಗು. ‘ಹೊಳೆ ಹಿಂದಕ್ಕೆ ಹರಿಯಲು ಇಪ್ಪತ್ತನಾಲ್ಕು ಗಂಟೆ (2)’. ಓದಿದರೆ ತುಂಗಭದ್ರೆಯೇ ಹಿಮ್ಮುಖವಾದ ಚಿತ್ರ ಕಣ್ಣಿಗೆ ಬರುತ್ತದೆ. ಆ ಚಿತ್ರವನ್ನು ನಂಬಬೇಡಿ. ಹೊಳೆಯೆಂದರೆ ‘ನದಿ’, ಅದನ್ನು ಹಿಂದುಮುಂದಾಗಿಸಿದರೆ ‘ದಿನ’.

ಎರಡನೆಯದು ಅಕ್ಷರಲೋಪ. ನಮ್ಮ ಹಳ್ಳಿಯ ಮಕ್ಕಳಿಗೆ ಇದು ಕರತಲಾಮಲಕ. ಮೂರಕ್ಷರದ ಪಟ್ಟಣ, ತಲೆ ತೆಗೆದರೆ ವಿಷ, ನಡು ತೆಗೆದರೆ ಮನುಷ್ಯ, ಕಾಲು ತೆಗೆದರೆ ಒಡವೆ. ಉತ್ತರ ‘ನಗರ’: ಗರ, ನರ, ನಗ.

ಮೂರನೆಯದು ಶ್ಲೇಷೆ. ‘ಎಣ್ಣೆಯಲ್ಲಿ ಬೇಯಿಸು ಆನೆ (2)’. ಆನೆಯನ್ನು ಬೇಯಿಸುವ ಬಾಣಲೆಯನ್ನು ಹುಡುಕಬೇಡಿ. ಎರಡು ಅರ್ಥಗಳನ್ನು ಬಿಡಿಬಿಡಿಯಾಗಿ ನೋಡಿ. ಹಪ್ಪಳವನ್ನು ‘ಕರಿ’ ಎನ್ನುತ್ತೇವೆ; ಆನೆಯೂ ‘ಕರಿ’ಯೇ.

ನಾಲ್ಕನೆಯದು ಸಂಧಿ. ಇದು ಕನ್ನಡದ ಹಿರಿಯ ಸೊತ್ತು. ಹೈಸ್ಕೂಲಿನಲ್ಲಿ ನೀವು ಬೇಸರದಿಂದ ಬಾಯಿಪಾಠ ಮಾಡಿದ ಲೋಪಸಂಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. ನಮ್ಮ ಸೀಮೆಯ ಊರುಗಳನ್ನೇ ತೆಗೆದುಕೊಳ್ಳಿ. ‘ದಾನ ಮಾಡಿದ ಗ್ರಾಮ ಬಸವೇಶ್ವರನ ತೇರಿಗೆ ಪ್ರಸಿದ್ಧ (3)’. ಕೊಟ್ಟ, ಊರು ಸೇರಿ ‘ಕೊಟ್ಟೂರು’. ಇನ್ನೊಂದು: ‘ನಾವೆಯನ್ನೇರಿದ ದುಂಬಿ ಸೇರಿದ್ದು ಮಲ್ಲಿಗೆಯ ಊರಿಗೆ (4)’. ನಾವೆ ‘ಹಡಗು’, ದುಂಬಿ ‘ಅಲಿ’. ಉಕಾರ ಲೋಪವಾಗಿ ‘ಹಡಗಲಿ’. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿ ಅರಿಸಮಾಸ ಮಾಡಿದೆನೆಂದು ಪಂಡಿತರು ಹುಬ್ಬು ಗಂಟಿಕ್ಕಬಹುದು. ಆಟದಲ್ಲಿ ಇಷ್ಟಕ್ಕೆ ಮಾಫಿಯುಂಟು. ಊರಿನ ಹೆಸರಿಗೆ ನಿಜವಾಗಿ ಇದೇ ಮೂಲವೆಂದು ಮಾತ್ರ ಯಾರೂ ತಿಳಿಯಬಾರದು.

ಕಟ್ಟುವವರಿಗೆ ಕನ್ನಡ ಒಡ್ಡುವ ತೊಡಕೂ ಒಂದಿದೆ. ನಮ್ಮ ವಿಭಕ್ತಿಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುತ್ತವೆ. ‘ಸಮರದಲ್ಲಿ ವೃಕ್ಷ (2)’ ಎಂದರೆ ‘ಸಮರ’ದೊಳಗಿನ ‘ಮರ’ವೆಂದು ಹೇಳಬಹುದು. ಆದರೆ ಬಿಡಿಸುವವನು ‘ದಲ್ಲಿ’ ಎಂಬುದನ್ನೂ ಅಕ್ಷರಗಳ ಲೆಕ್ಕಕ್ಕೆ ಹಿಡಿದರೆ ದಾರಿ ತಪ್ಪುತ್ತಾನೆ. ಪ್ರತ್ಯಯ ಎಲ್ಲಿ ಅಕ್ಷರ, ಎಲ್ಲಿ ಆಜ್ಞೆ ಎಂಬುದು ಒಂದು ಪದಬಂಧದ ಉದ್ದಕ್ಕೂ ಒಂದೇ ರೀತಿಯಾಗಿರಬೇಕು. ವ್ಯಾಕರಣದಲ್ಲಿ ಮೋಸ ಮಾಡಿದವನು ಓದುಗನ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ.

ಬಿಡಿಸುವವರಿಗೆ ನನ್ನ ಸಲಹೆ ನಾಲ್ಕೇ ಮಾತು. ಮೊದಲು ಚೌಕಗಳನ್ನು ಎಣಿಸಿರಿ. ಸುಳಿವು ಹೇಳುವ ಕಥೆಯನ್ನು ಮರೆತು, ಎರಡು ತುದಿಗಳಲ್ಲಿ ಯಾವುದು ಅರ್ಥವೆಂದು ನೋಡಿರಿ. ಹಿಂದಕ್ಕೆ, ಒಳಗೆ, ತಲೆಯಿಲ್ಲದ, ಚಂಚಲ ಎಂಬಂಥ ಪದಗಳು ಕಂಡರೆ ಅವು ಅಕ್ಷರಗಳಿಗೆ ಕೊಟ್ಟ ಅಪ್ಪಣೆಗಳಿರಬಹುದೆಂದು ಶಂಕಿಸಿರಿ. ಕೊನೆಗೆ, ಅಡ್ಡ ಬಂದ ಪದದ ಅಕ್ಷರದೊಡನೆ ಉತ್ತರವನ್ನು ತಾಳೆ ನೋಡಿರಿ. ಸರಿಯುತ್ತರ ಹೊಳೆದಾಗ ಸುಳಿವಿನ ಪ್ರತಿಯೊಂದು ಪದಕ್ಕೂ ಲೆಕ್ಕ ಸಿಕ್ಕಬೇಕು. ಒಂದು ಪದ ಉಳಿದರೂ ನಿಮ್ಮ ಉತ್ತರದಲ್ಲಿ ದೋಷವಿದೆ, ಇಲ್ಲವೆ ಕಟ್ಟಿದವನಲ್ಲಿ ದೋಷವಿದೆ.

ನನ್ನಲ್ಲಿದ್ದ ದೋಷವನ್ನು ಮರುವಾರವೇ ಗೋಡೆಪತ್ರಿಕೆಯಲ್ಲಿ ಒಪ್ಪಿಕೊಂಡೆ. ಹಳೆಯ ಸುಳಿವನ್ನು ತೆಗೆದು ‘ಬಣ್ಣವೂ ಹೌದು, ಮೃಗವೂ ಹೌದು (3)’ ಎಂದು ಬರೆದೆ. ಈಗ ಕರಡಿಗೆ ಎಡೆಯಿಲ್ಲ, ಕೇಸರಿಯೊಂದೇ ಉಳಿಯಿತು. ಇನ್ನೊಂದು ನಿಘಂಟನ್ನು ಕೊಂಡು ಆ ಹುಡುಗಿಗೆ ಕೊಟ್ಟೆ. ಆಕೆ ಅದನ್ನು ತಿರುವಿಹಾಕಿ, “ಸಾರ್, ಇನ್ನು ಮೇಲೆ ನಾನು ಕಟ್ಟತೀನಿ, ನೀವು ಬಿಡಿಸ್ರಿ” ಎಂದಳು. ಹೇಳಿದಂತೆಯೇ ಮಾಡಿದಳು, ಅವಳ ಸುಳಿವುಗಳಲ್ಲಿ ಎರಡು ನನಗೆ ಬಿಡಿಸಲಾಗಲಿಲ್ಲ. ಉತ್ತರ ಕೇಳಿದಾಗ ಎರಡೂ ನ್ಯಾಯವಾಗಿಯೇ ಇದ್ದವು.

ಸಂಜೆ ವಾರ್ತೆಗಳು ಮುಗಿದು ರೇಡಿಯೋದಲ್ಲಿ ಸಂಗೀತ ಬರುತ್ತಿರುವಾಗ ನಿಮ್ಮ ಮನೆಯ ಮಕ್ಕಳೊಡನೆ ಇದೊಂದನ್ನು ಬಿಡಿಸಿ: ‘ಹೊಳೆ, ಸೃಷ್ಟಿಕರ್ತನ ಗ್ರಾಮ ಸೇರಿ ಒಂದು ತಾಲ್ಲೂಕು (8)’. ಉತ್ತರ ನಮ್ಮ ಸೀಮೆಯಲ್ಲಿಯೇ ಇದೆ. ಕೂಡ್ಲಿಗಿ, ಹರಪನಹಳ್ಳಿಗಳು ಮಾತ್ರ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ‘ಡ್ಲಿ’ ಎಂಬ ಒತ್ತಕ್ಷರ ಒಂದೇ ಚೌಕದಲ್ಲಿ ಕುಳಿತು ಯಾವ ಕಡೆಗೂ ಒಡೆಯಗೊಡುವುದಿಲ್ಲ. ನಿಮಗೆ ಒಲಿದರೆ ಸುಳಿವು ಕಟ್ಟಿರಿ. ಕಟ್ಟಿದ ಮೇಲೆ ಮನೆಯ ಮಗುವೊಂದಕ್ಕೆ ತೋರಿಸಿರಿ. ಅದು ಬೇರೆ ಉತ್ತರ ಹೇಳಿದರೆ ಕೆಂಪು ಮಸಿಯನ್ನು ಮೊದಲು ನಿಮ್ಮ ಸುಳಿವಿನ ಮೇಲೆಯೇ ಆಡಿಸಿರಿ.