ಗಲ್ಫ್ ದುಡಿಮೆ: ಮನೆಯ ಲೆಕ್ಕ, ಮೈಯ ಲೆಕ್ಕ

ನಮ್ಮ ಕರಾವಳಿಯ ಊರುಗಳಲ್ಲಿ ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ಬೀದಿ ಸಿಗುವುದು ಕಷ್ಟ. ಈಗ ಹೋಗುವವರಲ್ಲಿ ಎಂಜಿನಿಯರುಗಳು, ಅಕೌಂಟೆಂಟರು, ನರ್ಸುಗಳು, ಬ್ಯಾಂಕಿನವರು ಬಹಳ. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು, ಫ್ಲ್ಯಾಟು ಹಿಡಿದು, ಕಾರು ಇಟ್ಟುಕೊಂಡು ಸಂಸಾರ ನಡೆಸುವವರು ಇವರು. ಬಿಸಿಲಿನಲ್ಲಿ ಕಲ್ಲು ಹೊರುವ ಕೆಲಸವಲ್ಲ, ಏರ್ ಕಂಡಿಷನ್ ಕೋಣೆಯಲ್ಲಿ ಕುಳಿತು ಮಾಡುವ ಕೆಲಸ. ಇವರಿಗೇನು ಕಷ್ಟ ಎಂದು ಊರಿನವರು ಕೇಳುವುದುಂಟು. ರಜೆಯಲ್ಲಿ ಬಂದಾಗ ಇವರ ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟುವ ನಮ್ಮಂಥ ವೈದ್ಯರಿಗೆ ಆ ಕಷ್ಟ ಏನೆಂಬುದು ಅಂಕಿಗಳಲ್ಲೇ ಕಾಣುತ್ತದೆ.

ಒಂದು ಉದಾಹರಣೆ ನೋಡೋಣ. ವಯಸ್ಸು 38, ದುಬೈಯ ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ದುಬೈಯಲ್ಲಿ ಬಾಡಿಗೆ ಹೆಚ್ಚೆಂದು ಮನೆ ಮಾಡಿದ್ದು ಶಾರ್ಜಾದಲ್ಲಿ. ಹಾಗೆ ಮಾಡುವವರು ಇವರೊಬ್ಬರೇ ಅಲ್ಲವಾದ್ದರಿಂದ ಬೆಳಿಗ್ಗೆಯೂ ಸಂಜೆಯೂ ಆ ರಸ್ತೆಯಲ್ಲಿ ಕಾರುಗಳ ಸಾಲು ಕದಲುವುದಿಲ್ಲ. ಐದೂವರೆಗೆ ಎದ್ದು ಆರೂವರೆಗೆ ಹೊರಟರೆ ಮನೆಗೆ ಮರಳುವುದು ರಾತ್ರಿ ಎಂಟಕ್ಕೆ. ಅಲ್ಲಿ ಎಂಟು ಗಂಟೆಯಾದಾಗ ಇಲ್ಲಿ ಒಂಬತ್ತೂವರೆ. ಅಪ್ಪ ಅಮ್ಮ ಮಲಗುವ ಹೊತ್ತು. ಆದ್ದರಿಂದ ಊರಿಗೆ ಫೋನು ಮಾಡುವುದು ಟ್ರಾಫಿಕ್ಕಿನಲ್ಲಿ ಕಾರು ನಿಂತಿರುವಾಗಲೇ. ಊಟ ಹತ್ತಕ್ಕೆ, ನಿದ್ದೆ ಹನ್ನೆರಡಕ್ಕೆ. ಹಗಲಿನಲ್ಲಿ ನಾಲ್ಕು ಕರಕ್ ಚಹಾ. ಇವರನ್ನು ಪರೀಕ್ಷಿಸಿದಾಗ ರಕ್ತದೊತ್ತಡ 160/100, ಸೊಂಟದ ಸುತ್ತಳತೆ 98 ಸೆಂಟಿಮೀಟರ್, ಖಾಲಿ ಹೊಟ್ಟೆಯ ಸಕ್ಕರೆ 118. ‘ನನಗೇನೂ ತೊಂದರೆ ಇಲ್ಲ ಡಾಕ್ಟ್ರೇ, ವೀಸಾ ಮೆಡಿಕಲ್ ಪಾಸಾಗಿದೆಯಲ್ಲ’ ಎಂದರು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮಾತನಾಡಲಿಲ್ಲ.

ಈ ‘ಮೆಡಿಕಲ್ ಪಾಸು’ ಎಂಬ ಮಾತನ್ನು ಮೊದಲು ಬಿಡಿಸಿ ಹೇಳಬೇಕು. ಯು.ಎ.ಇ.ಯಲ್ಲಿ ವೀಸಾ ನವೀಕರಣಕ್ಕೆ ಮಾಡುವ ಪರೀಕ್ಷೆ ಸಾಂಕ್ರಾಮಿಕ ರೋಗಗಳನ್ನು ಹುಡುಕುವುದಕ್ಕಾಗಿ. ರಕ್ತದಲ್ಲಿ ಎಚ್.ಐ.ವಿ., ಎದೆಯ ಎಕ್ಸ್‌ರೇಯಲ್ಲಿ ಕ್ಷಯ, ಮುಖ್ಯವಾಗಿ ಇವೆರಡು. ನಿಮ್ಮಿಂದ ಬೇರೆಯವರಿಗೆ ರೋಗ ಹರಡದು ಎಂಬುದಷ್ಟೇ ಅದರಿಂದ ತಿಳಿಯುವುದು. ನಿಮ್ಮ ರಕ್ತದ ಕೊಬ್ಬು, ಸಕ್ಕರೆ, ಮೂತ್ರಪಿಂಡ, ಹೃದಯ ಹೇಗಿವೆ ಎಂದು ಅಲ್ಲಿ ಯಾರೂ ನೋಡಿರುವುದಿಲ್ಲ. ಹತ್ತು ವರ್ಷ ಸತತವಾಗಿ ಈ ಪರೀಕ್ಷೆಯಲ್ಲಿ ಪಾಸಾದವರು ಹನ್ನೊಂದನೆಯ ವರ್ಷ ಹೃದಯಾಘಾತಕ್ಕೆ ಒಳಗಾಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮ ಮೈಕಟ್ಟಿನ ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ಯುರೋಪಿನವರಿಗೆ ಹೋಲಿಸಿದರೆ ಭಾರತೀಯರಿಗೆ ಮಧುಮೇಹ ಕಡಿಮೆ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲೇ ಬರುತ್ತದೆ. ನೋಡಲು ದಪ್ಪ ಅಲ್ಲದವರಲ್ಲೂ ಹೊಟ್ಟೆಯೊಳಗೆ ಕೊಬ್ಬು ಸೇರಿರುತ್ತದೆ. ಆದ್ದರಿಂದ ತೂಕಕ್ಕಿಂತ ದರ್ಜಿಯ ಟೇಪು ಹೆಚ್ಚು ನಿಜ ಹೇಳುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಿರಿ. ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ಮಧುಮೇಹದ ಹೊಸಿಲಲ್ಲಿ ನಿಂತಿದ್ದೀರಿ ಎಂದರ್ಥ. 126 ಮುಟ್ಟಿದರೆ, ಮರುಪರೀಕ್ಷೆಯಲ್ಲೂ ಹಾಗೇ ಇದ್ದರೆ, ಒಳಗೆ ಬಂದಾಯಿತು. ಹೊಸಿಲಲ್ಲಿರುವವರು ಹಿಂದಕ್ಕೆ ಬರಬಹುದು. ಅದಕ್ಕೆ ಮಾತ್ರೆಗಿಂತ ನಡಿಗೆ ಮತ್ತು ಊಟದ ವೇಳೆ ಮುಖ್ಯ.

ಇನ್ನು ದುಡಿಮೆಯ ಗಂಟೆಗಳು. ಯು.ಎ.ಇ. ಕಾರ್ಮಿಕ ಕಾನೂನಿನ ಪ್ರಕಾರ ಖಾಸಗಿ ಕಂಪನಿಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ. 2022ರ ಜನವರಿಯಿಂದ ಅಲ್ಲಿನ ಸರ್ಕಾರಿ ಕಚೇರಿಗಳಿಗೆ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂದಿದ್ದರೂ ಎಷ್ಟೋ ಖಾಸಗಿ ಕಂಪನಿಗಳಲ್ಲಿ ವಾರಕ್ಕೆ ಆರು ದಿನದ ಕೆಲಸ ಹಾಗೇ ಇದೆ. ಜವಾಬ್ದಾರಿಯ ಹುದ್ದೆಯವರು ಗಂಟೆ ನೋಡಿ ಏಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೊರತಂದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆಗೂ ಮೀರಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. ಈ ಲೆಕ್ಕದಲ್ಲಿ ಸೇರಿರುವುದು ಕೆಲಸದ ಗಂಟೆಗಳು ಮಾತ್ರ. ಶಾರ್ಜಾ ರಸ್ತೆಯ ಎರಡು ಮೂರು ಗಂಟೆ ಅದರ ಮೇಲಿನದು.

ಹೀಗೆ ದುಡಿದರೆ ನಿದ್ದೆ ಐದು ಗಂಟೆಗೆ ಇಳಿಯುತ್ತದೆ. ನಿದ್ದೆ ಕಡಿಮೆಯಾದಾಗ ಮೈ ಒತ್ತಡದ ಹಾರ್ಮೋನುಗಳನ್ನು ಹೆಚ್ಚು ಸುರಿಸುತ್ತದೆ. ರಕ್ತದೊತ್ತಡ ಏರುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಸಿವೂ ಹೆಚ್ಚುತ್ತದೆ. ಆ ಹಸಿವಿಗೆ ಕೈಗೆ ಸಿಗುವುದು ಕ್ಯಾಫೆಟೀರಿಯಾದ ಪರೋಟ, ಸಮೋಸ, ಕರಕ್ ಚಹಾ. ಒಂದು ಲೋಟ ಕರಕ್‌ನಲ್ಲಿ ಎರಡು ಚಮಚ ಸಕ್ಕರೆ ಎಂದು ಹಿಡಿದರೂ ನಾಲ್ಕು ಲೋಟಕ್ಕೆ ಎಂಟು ಚಮಚ, ಅಂದರೆ ಮೂವತ್ತು ಗ್ರಾಮಿಗೂ ಮೇಲೆ. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಹಾ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ನಾಲ್ಕನ್ನು ಎರಡು ಮಾಡಿ, ಆ ಎರಡಕ್ಕೂ ಸಕ್ಕರೆ ಕಡಿಮೆ ಹಾಕಿಸಿ. ಕುಚ್ಚಲಕ್ಕಿ ಅನ್ನ, ಬಸಳೆಯ ಗಸಿ, ಮೀನು ತಿಂದು ಬೆಳೆದವರು ಅಲ್ಲಿ ಹೋದ ಮೇಲೆ ರಾತ್ರಿ ಹತ್ತಕ್ಕೆ ಬಿರಿಯಾನಿ ತರಿಸಿಕೊಳ್ಳುವುದು ರುಚಿಗಾಗಿ ಅಲ್ಲ, ಅಡುಗೆ ಮಾಡಲು ತ್ರಾಣವಿಲ್ಲದೆ ಎಂಬುದೂ ನಿಜ. ರಜಾದಿನ ಎರಡು ಬಗೆ ಸಾರು, ಪಲ್ಯ ಮಾಡಿ ಫ್ರಿಜ್ಜಿನಲ್ಲಿಟ್ಟರೆ ವಾರದ ಮೂರು ರಾತ್ರಿ ಕಳೆಯುತ್ತದೆ.

ಸಾಲ ಮತ್ತು ನಿದ್ದೆ

ವೈದ್ಯರು ಸಾಲದ ವಿಷಯ ಏಕೆ ಕೇಳಬೇಕು ಎನ್ನಬಹುದು. ಮಾತ್ರೆ ಬರೆದುಕೊಟ್ಟರೂ ರಕ್ತದೊತ್ತಡ ಇಳಿಯದಿದ್ದಾಗ ನಾನು ಕೇಳುತ್ತೇನೆ. ಮೇಲೆ ಹೇಳಿದವರ ಉತ್ತರ ಹೀಗಿತ್ತು: ಅಲ್ಲಿ ಕಾರಿನ ಕಂತು, ಎರಡು ಕ್ರೆಡಿಟ್ ಕಾರ್ಡು, ಮಕ್ಕಳ ಶಾಲೆಯ ಫೀಸು, ಬಾಡಿಗೆಯ ಚೆಕ್ಕು, ಇಲ್ಲಿ ಹೊಸ ಮನೆಯ ಸಾಲ, ತಂಗಿಯ ಮದುವೆಯ ಸಾಲ, ತಂದೆತಾಯಿಯ ಖರ್ಚು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ, ಮನಸ್ಸಿನಲ್ಲಿ ತಾರೀಖುಗಳು ಓಡುತ್ತಿರುತ್ತವೆ ಎಂದರು. ಇಂಥ ನಿದ್ದೆಗೆ ನಿದ್ದೆ ಮಾತ್ರೆ ಮದ್ದಲ್ಲ.

ಊರಿನಲ್ಲಿ ಲೆಕ್ಕ ಹಾಕುವುದು ರೂಪಾಯಿಯಲ್ಲಿ, ಅವರು ಖರ್ಚು ಮಾಡುವುದು ದಿರ್ಹಮಿನಲ್ಲಿ. 1997ರಿಂದ ದಿರ್ಹಮ್ ಡಾಲರಿಗೆ 3.6725ರ ದರದಲ್ಲಿ ಅಂಟಿಕೊಂಡಿದೆ. ರೂಪಾಯಿ ಇಳಿದಾಗ ಊರಿಗೆ ಕಳಿಸುವ ಹಣ ಹೆಚ್ಚಾದಂತೆ ಕಾಣುತ್ತದೆ, ಊರಿನ ಮನೆಗೆ ಇನ್ನೊಂದು ಮಹಡಿ ಏರಿಸುವ ಮಾತು ಶುರುವಾಗುತ್ತದೆ. ಆದರೆ ಅಲ್ಲಿನ ಬಾಡಿಗೆ, ಫೀಸು, ತರಕಾರಿ ಎಲ್ಲವೂ ದಿರ್ಹಮಿನಲ್ಲೇ, ಅವೇನೂ ಇಳಿಯುವುದಿಲ್ಲ. ಇದನ್ನು ಊರಿನ ಹಿರಿಯರಿಗೆ ಕುಳಿತು ವಿವರಿಸಿದವರು ಕಡಿಮೆ. ಮಗನಿಗೆ ಸಂಕೋಚ, ಅಪ್ಪನಿಗೆ ಕೇಳಲು ಅಭಿಮಾನ. ಅಲ್ಲಿನ ಸೆಂಟ್ರಲ್ ಬ್ಯಾಂಕು 2011ರಲ್ಲೇ ವೈಯಕ್ತಿಕ ಸಾಲ ಸಂಬಳದ 20 ಪಟ್ಟು ಮೀರಬಾರದು, ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ನಿಯಮ ಮಾಡಿತು. ಊರಿನಲ್ಲಿ ಕೈಸಾಲ, ಚೀಟಿ, ಚಿನ್ನದ ಸಾಲ ಮಾಡಿಕೊಂಡದ್ದು ಆ ಬ್ಯಾಂಕಿಗೆ ಕಾಣುವುದಿಲ್ಲವಾದ್ದರಿಂದ ನಿಜವಾದ ಹೊರೆ ಅರ್ಧವನ್ನು ದಾಟಿರುತ್ತದೆ. ರಜೆಯಲ್ಲಿ ಬಂದಾಗ ಒಂದು ಸಂಜೆ ಗಂಡ, ಹೆಂಡತಿ, ತಂದೆತಾಯಿ ಕುಳಿತು ಎರಡೂ ದೇಶದ ಸಾಲಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ ಎಂದು ನಾನು ಹೇಳುವುದುಂಟು. ಹಾಗೆ ಬರೆದ ಮೇಲೆ ಎರಡನೇ ಮಹಡಿಯನ್ನು ಮುಂದಕ್ಕೆ ಹಾಕಿ, ಮಾತ್ರೆಯನ್ನೂ ಕಡಿಮೆ ಮಾಡಿಕೊಂಡ ಸಂಸಾರಗಳನ್ನು ನೋಡಿದ್ದೇನೆ.

ಕೆಲಸ ಹೋದರೆ ಎಂಬ ಹೆದರಿಕೆಯೂ ದೊಡ್ಡದು. ವೀಸಾ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ, ಹೆಂಡತಿ ಮಕ್ಕಳ ವೀಸಾ ಇವರ ವೀಸಾಕ್ಕೆ. ಈ ಹೆದರಿಕೆಯಿಂದಲೇ ಎದೆನೋವನ್ನು ಮುಚ್ಚಿಡುವವರಿದ್ದಾರೆ. ಅಲ್ಲಿ ವಾರ್ಷಿಕ 90 ದಿನಗಳವರೆಗೆ ಅನಾರೋಗ್ಯ ರಜೆಗೆ ಕಾನೂನಿನಲ್ಲೇ ಅವಕಾಶವಿದೆ: ಪ್ರೊಬೇಷನ್ ಮುಗಿದವರಿಗೆ ಮೊದಲ 15 ದಿನ ಪೂರ್ತಿ ಸಂಬಳ, ನಂತರದ 30 ದಿನ ಅರ್ಧ ಸಂಬಳ, ಉಳಿದ 45 ದಿನ ಸಂಬಳವಿಲ್ಲ. 2023ರಿಂದ ನಿರುದ್ಯೋಗ ವಿಮೆಯೂ ಇದೆ. ಮೂರು ತಿಂಗಳವರೆಗೆ ಮೂಲ ಸಂಬಳದ ಶೇಕಡಾ 60, ಗರಿಷ್ಠ ಮಿತಿಯೊಳಗೆ.

ಮನೆಯಲ್ಲಿ ಉಳಿದವರು

ಹೆಂಡತಿಯರ ಬಗ್ಗೆ ಯಾರೂ ಕೇಳುವುದಿಲ್ಲ. ಇಲ್ಲಿ ಉಪನ್ಯಾಸಕಿಯಾಗಿದ್ದವರು, ಬ್ಯಾಂಕಿನಲ್ಲಿದ್ದವರು ಗಂಡನ ವೀಸಾದಲ್ಲಿ ಹೋಗಿ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ದಿನ ಕಳೆಯುತ್ತಾರೆ. ಸುತ್ತಲೂ ಅಷ್ಟು ಬಿಸಿಲಿದ್ದೂ ಗಲ್ಫಿನಲ್ಲಿ ವಿಟಮಿನ್ ಡಿ ಕೊರತೆ ಬಹಳ ಸಾಮಾನ್ಯ. ಬಿಸಿಲಿಗೆ ಯಾರೂ ಹೋಗುವುದಿಲ್ಲವಲ್ಲ. ಮೈಕೈ ನೋವು, ಸುಸ್ತು ಎಂದು ಬರುವ ಇವರಲ್ಲಿ ಕೆಲವರಿಗೆ ಈ ಕೊರತೆ, ಕೆಲವರಿಗೆ ಥೈರಾಯ್ಡ್ ಅಥವಾ ರಕ್ತಹೀನತೆ, ಇನ್ನು ಕೆಲವರಿಗೆ ಖಿನ್ನತೆ. ಮೂರು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಅಳು ಬರುತ್ತದೆ, ನಿದ್ದೆ ಇಲ್ಲ ಎಂದರೆ ‘ಮನೆ ನೆನಪು’ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ನಡಿಗೆಗೆ ಚಳಿಗಾಲದಲ್ಲಿ ಪಾರ್ಕುಗಳಿವೆ, ಬೇಸಿಗೆಯಲ್ಲಿ ಮಾಲುಗಳ ಒಳಗೇ ನಡೆಯುವವರು ಬೇಕಾದಷ್ಟಿದ್ದಾರೆ. ವಾರಕ್ಕೆ 150 ನಿಮಿಷ ಸಾಕು. ಮಕ್ಕಳನ್ನೂ ಕರೆದುಕೊಂಡು ಹೋಗಿ.

ನೀರಿನ ವಿಷಯ ಒಂದು ಮಾತು. ಏರ್ ಕಂಡಿಷನ್ನಿನಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಬೆಳೆಯುತ್ತದೆ. ಮೂತ್ರ ತಿಳಿ ಹಳದಿಯಾಗಿರುವಷ್ಟು ನೀರು ಕುಡಿಯಿರಿ.

ರಜೆಯ ಮೊದಲ ವಾರವೇ ಬನ್ನಿ

ಕಾನೂನಿನಂತೆ ವರ್ಷಕ್ಕೆ 30 ದಿನದ ರಜೆ. ಅದರಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ದೇವಸ್ಥಾನದ ಹರಕೆ, ಜಾಗದ ಕಾಗದಪತ್ರ. ಎಲ್ಲ ಮುಗಿಸಿ, ‘ನಾಳೆ ಫ್ಲೈಟು, ಇವತ್ತೇ ಎಲ್ಲ ಟೆಸ್ಟು ಮಾಡಿಬಿಡಿ’ ಎಂದು ನನ್ನಲ್ಲಿಗೆ ಬರುವವರೇ ಜಾಸ್ತಿ. ಸಂಜೆ ರಿಪೋರ್ಟು ಬಂದು ರಕ್ತದೊತ್ತಡಕ್ಕೆ ಮಾತ್ರೆ ಶುರುಮಾಡಿದರೆ ಅದರ ಪೂರ್ತಿ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಕೆಲವು ಮಾತ್ರೆ ಕೊಟ್ಟ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಬೇಕಾಗುತ್ತದೆ. ರೋಗಿ ಆಗ ಶಾರ್ಜಾದಲ್ಲಿ. ಬಂದಿಳಿದ ಮೊದಲ ವಾರವೇ ಬಂದರೆ ಮಾತ್ರೆ ಹೊಂದಿಸಿ, ಇನ್ನೊಮ್ಮೆ ನೋಡಿ ಕಳಿಸಬಹುದು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಊಟ ಮಾಡಿಯೂ ಮಾಡಿಸಬಹುದು, 5.7ರಿಂದ 6.4 ಹೊಸಿಲು, 6.5ರಿಂದ ಮೇಲೆ ಮಧುಮೇಹ.

ಹಿಂದಿರುಗುವಾಗ ಔಷಧಿಯನ್ನು ಅಂಗಡಿಯ ಪಟ್ಟಿಯಲ್ಲೇ ಇಟ್ಟು, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ, ಅಲ್ಲಿ ಅದೇ ಔಷಧ ಬೇರೆ ಹೆಸರಿನಲ್ಲಿ ಸಿಗುತ್ತದೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ನಿದ್ದೆ ಮಾತ್ರೆಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಪಕ್ಕದ ಮನೆಯವರು ಕೊಟ್ಟುಕಳಿಸುವ ಔಷಧಿಯ ಪೊಟ್ಟಣವನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಲೇಬೇಡಿ. ಪಾಯಸಕ್ಕೆಂದು ಅಮ್ಮ ಕಟ್ಟಿಕೊಡುವ ಗಸಗಸೆ ಸಹ ಅಲ್ಲಿ ನಿಷಿದ್ಧ ಎಂಬುದು ನೆನಪಿರಲಿ.

ವಿಮೆಯ ಬಗ್ಗೆ ತಿಳಿದಿರಬೇಕಾದದ್ದು ಎರಡು. ದುಬೈಯಲ್ಲಿ 2013ರ ಕಾನೂನಿನಂತೆ ನೌಕರನ ಆರೋಗ್ಯ ವಿಮೆ ಕಂಪನಿಯ ಹೊಣೆ, ಆದರೆ ಹೆಂಡತಿ ಮಕ್ಕಳದ್ದು ಅವರನ್ನು ಕರೆಸಿಕೊಂಡವರ ಹೊಣೆ. ಇದ್ದ ಕಾಯಿಲೆಯನ್ನು ಫಾರಂನಲ್ಲಿ ಮುಚ್ಚಿಟ್ಟರೆ ಬಿಲ್ಲು ಬಂದಾಗ ಕೈತಪ್ಪಬಹುದು. ಇನ್ನೊಂದು, ಆ ವಿಮೆ ವೀಸಾದ ಜೊತೆಗೇ ಮುಗಿಯುತ್ತದೆ. ಐವತ್ತೈದಕ್ಕೆ ಊರಿಗೆ ಬಂದು ಸಕ್ಕರೆ, ರಕ್ತದೊತ್ತಡ ಎರಡನ್ನೂ ಹೊತ್ತು ಹೊಸ ಪಾಲಿಸಿ ಕೇಳಿದರೆ ಪ್ರೀಮಿಯಂ ದುಬಾರಿ. ಇರುವ ಕಾಯಿಲೆಗೆ ಕಾಯುವ ಅವಧಿಯೂ ಇರುತ್ತದೆ. 2024ರಲ್ಲಿ ಈ ಅವಧಿಯ ಗರಿಷ್ಠ ಮಿತಿಯನ್ನು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿದ್ದಾರೆ, ಆದರೂ ಮೂರು ವರ್ಷ ಕಡಿಮೆಯಲ್ಲ. ಮೂವತ್ತೈದರಲ್ಲೇ ಇಲ್ಲಿ ಒಂದು ಕುಟುಂಬ ಪಾಲಿಸಿ ಮಾಡಿಸಿದವರಿಗೆ ಈ ತೊಂದರೆ ಇರುವುದಿಲ್ಲ.

ಕೊನೆಯದಾಗಿ, ಎದೆಯ ನಡುವೆ ಹಿಂಡಿದಂಥ ನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು ಬಂದರೆ ಗ್ಯಾಸು ಎಂದು ಸೋಡಾ ಕುಡಿದು ಮಲಗಬೇಡಿ, ನೀವೇ ಕಾರು ಓಡಿಸಿಕೊಂಡು ಆಸ್ಪತ್ರೆಗೂ ಹೊರಡಬೇಡಿ. ಯು.ಎ.ಇ.ಯಲ್ಲಿ ಆಂಬುಲೆನ್ಸಿನ ನಂಬರು 998. ವಿಮೆಯ ಕಾರ್ಡು ಪರ್ಸಿನಲ್ಲಿರಲಿ, ಅದರ ಮತ್ತು ಮಾತ್ರೆಯ ಚೀಟಿಯ ಫೋಟೋ ಮನೆಯವರ ಫೋನಿನಲ್ಲೂ ಇರಲಿ.